ತನಗೆ ತಾನೇ ಬುದ್ಧಿ ಹೇಳಿಕೊಂಡ ದೊರೆ

ಪ್ರಪಂಚದ ದೊರೆಗಳಲ್ಲಿ ಬಹುಮಂದಿ ಪರರಿಗೆ ಅಪ್ಪಣೆಗಳನ್ನು ಬರೆದಿಟ್ಟು ಹೋದರು. ತಮ್ಮ ಬಿರುದುಬಾವಲಿಗಳನ್ನು ಕಲ್ಲಿನಲ್ಲಿ ಕೊರೆಯಿಸಿ ಹೋದವರೂ ಉಂಟು. ತನಗೆ ತಾನೇ ಬುದ್ಧಿಮಾತು ಬರೆದುಕೊಂಡು, ಅದನ್ನು ಯಾರಿಗೂ ತೋರಿಸುವ ಹಂಬಲವಿಲ್ಲದೆ ಹೋದ ದೊರೆ ಅಪರೂಪ. ರೋಮಿನ ಚಕ್ರವರ್ತಿ ಮಾರ್ಕಸ್ ಆರೀಲಿಯಸನು ಅಂಥವನು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುವ ನಮಗೆ ಅವನು ಐವರು ಒಳ್ಳೆಯ ಚಕ್ರವರ್ತಿಗಳಲ್ಲಿ ಕೊನೆಯವನೆಂದು ಒಂದು ವಾಕ್ಯದಲ್ಲಿ ಬಂದು ಹೋಗುತ್ತಾನೆ. ಆ ವಾಕ್ಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರಲ್ಲಿ ನಾನೂ ಒಬ್ಬ. ಆದರೆ ಕಳೆದ ವರ್ಷ ನನಗೆ ಬಂದ ಒಂದು ಕೋಪವು ಎರಡು ತಿಂಗಳಾದರೂ ಇಳಿಯದೆ ಉಳಿದಾಗ, ಅವನನ್ನು ಅಂಕಗಳಿಗಾಗಿ ಅಲ್ಲದೆ ಬೇರೆ ಕಾರಣಕ್ಕಾಗಿ ಓದಬೇಕಾಯಿತು. ಆ ಕೋಪದ ಸಂಗತಿಯನ್ನು ಮುಂದೆ ಹೇಳುತ್ತೇನೆ. ಮೊದಲು ದೊರೆಯ ಕಥೆಯಾಗಲಿ.

ಅವನು ಹುಟ್ಟಿದ್ದು ಕ್ರಿ.ಶ. 121ರ ಏಪ್ರಿಲ್ 26ರಂದು, ರೋಮ್ ನಗರದಲ್ಲಿ. ಮೂರು ವರ್ಷದವನಾಗಿದ್ದಾಗಲೇ ತಂದೆ ತೀರಿಕೊಂಡನು. ಮೂರು ಬಾರಿ ಕಾನ್ಸಲ್ ಪದವಿಯಲ್ಲಿದ್ದ ಅಜ್ಜನ ಮನೆಯಲ್ಲಿ ಹುಡುಗನು ಬೆಳೆದನು. ತಾಯಿ ಡೊಮಿಷಿಯಾ ಲುಸಿಲ್ಲಾ ಸಿರಿವಂತೆ. ಇಟ್ಟಿಗೆ ಹೆಂಚುಗಳ ಭಟ್ಟಿಗಳು ಆಕೆಯವು. ಹನ್ನೆರಡನೆಯ ವಯಸ್ಸಿಗೆ ಈ ಹುಡುಗನಿಗೆ ತತ್ತ್ವಜ್ಞಾನದ ಹುಚ್ಚು ಹಿಡಿಯಿತು. ತತ್ತ್ವಜ್ಞಾನಿಗಳ ಒರಟು ಬಟ್ಟೆಯನ್ನು ಹೊದ್ದು ಬರಿಯ ನೆಲದ ಮೇಲೆ ಮಲಗತೊಡಗಿದನು. ತಾಯಿ ಬಹಳವಾಗಿ ಹೇಳಿದ ಮೇಲೆ ಮಂಚಕ್ಕೆ ಬಂದನಂತೆ. ಸುಖದ ಮನೆಯಲ್ಲಿ ಹುಟ್ಟಿದವನು ಕಷ್ಟವನ್ನು ಹುಡುಕಿಕೊಂಡು ಹೋಗುವುದು ನಮ್ಮಂಥವರಿಗೆ ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ. ನಾವು ನೆಲದ ಮೇಲೆ ಮಲಗಿದ್ದಕ್ಕೆ ತತ್ತ್ವಜ್ಞಾನ ಕಾರಣವಾಗಿರಲಿಲ್ಲ.

138ರಲ್ಲಿ ಹೇಡ್ರಿಯನ್ ಚಕ್ರವರ್ತಿಯು ಮಕ್ಕಳಿಲ್ಲದೆ ಸಾಯುವ ಸ್ಥಿತಿಯಲ್ಲಿದ್ದನು. ಅವನು ಆಂಟೊನೈನಸ್ ಎಂಬ ಹಿರಿಯನನ್ನು ದತ್ತು ತೆಗೆದುಕೊಂಡು, ಆ ಆಂಟೊನೈನಸನು ಮಾರ್ಕಸನನ್ನೂ ಲೂಷಿಯಸ್ ಎಂಬ ಇನ್ನೊಬ್ಬ ಬಾಲಕನನ್ನೂ ದತ್ತು ತೆಗೆದುಕೊಳ್ಳಬೇಕೆಂದು ಕಟ್ಟುಮಾಡಿದನು. ತಾಯಿಯ ತೋಟದ ಮನೆಯನ್ನು ಬಿಟ್ಟು ಅರಮನೆಗೆ ಹೋಗುವಾಗ ಮಾರ್ಕಸನ ಮುಖದಲ್ಲಿ ಸಂತೋಷವಿರಲಿಲ್ಲವೆಂದು ಪ್ರಾಚೀನ ಚರಿತ್ರಕಾರರು ಬರೆಯುತ್ತಾರೆ. ಅರಮನೆಯ ದಿನಗಳ ಒಂದು ಪ್ರಸಂಗ ನನಗೆ ಬಹಳ ಹಿಡಿಸಿತು. ಬಾಲ್ಯದಿಂದ ಸಾಕಿ ಕಲಿಸಿದ್ದ ಒಬ್ಬ ಶಿಕ್ಷಕನು ಸತ್ತಾಗ ಮಾರ್ಕಸನು ಅತ್ತನು. ರಾಜಕುಮಾರನು ಅಳುವುದು ತರವಲ್ಲವೆಂದು ಆಸ್ಥಾನದವರು ತಡೆಯಹೋದರು. ಆಗ ಆಂಟೊನೈನಸನು ಅವರನ್ನೇ ತಡೆದು, ಹುಡುಗನನ್ನು ಮನುಷ್ಯನಾಗಿರಲು ಬಿಡಿರೆಂದು ತಿಳಿಯಹೇಳಿದನಂತೆ. ತತ್ತ್ವಜ್ಞಾನವಾಗಲಿ ಸಿಂಹಾಸನವಾಗಲಿ ಕಣ್ಣೀರನ್ನು ತೆಗೆದುಹಾಕಲಾರದೆಂಬುದು ಆ ಸಾಕುತಂದೆಗೆ ಗೊತ್ತಿತ್ತು. ಈ ಮಾತನ್ನು ನಾವು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಂಡಿರಬೇಕು. ಏಕೆಂದರೆ ಮಾರ್ಕಸನನ್ನು ಕಲ್ಲೆದೆಯವನೆಂದು ಭಾವಿಸುವವರೇ ಹೆಚ್ಚು.

ಅವನ ಗುರುಗಳಲ್ಲಿ ಜೂನಿಯಸ್ ರಸ್ಟಿಕಸ್ ಎಂಬವನು ಮುಖ್ಯನು. ಈತನು ಶಿಷ್ಯನಿಗೆ ಎಪಿಕ್ಟೀಟಸನ ಉಪನ್ಯಾಸಗಳ ಪ್ರತಿಯೊಂದನ್ನು ತನ್ನ ಸ್ವಂತ ಸಂಗ್ರಹದಿಂದ ಕೊಟ್ಟನು. ಎಪಿಕ್ಟೀಟಸನು ಇಂದಿನ ತುರ್ಕಿ ದೇಶದಲ್ಲಿರುವ ಹೈರಪೊಲಿಸಿನಲ್ಲಿ ಹುಟ್ಟಿದವನು, ಜೀತದಾಳು, ಒಂದು ಕಾಲು ಕುಂಟು. ಬಿಡುಗಡೆಯಾದ ಮೇಲೆ ರೋಮಿನಲ್ಲಿ ಪಾಠ ಹೇಳುತ್ತಿದ್ದನು. ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನು ಹೊರಗಟ್ಟಿದಾಗ ಗ್ರೀಸಿನ ನಿಕೊಪೊಲಿಸಿಗೆ ಹೋಗಿ ಶಾಲೆ ತೆರೆದನು. ತಾನಾಗಿ ಒಂದಕ್ಷರವನ್ನೂ ಬರೆದಿಡಲಿಲ್ಲ. ಶಿಷ್ಯನಾದ ಏರಿಯನನು ಬರೆದುಕೊಂಡ ಟಿಪ್ಪಣಿಗಳೇ ಉಳಿದಿವೆ. ಒಬ್ಬ ಜೀತದಾಳಿನ ಪಾಠವನ್ನು ಅವನ ವಿದ್ಯಾರ್ಥಿಯು ಬರೆದುಕೊಳ್ಳುವುದು, ಅದನ್ನು ಲೋಕದ ಅತ್ಯಂತ ಬಲಶಾಲಿಯಾದವನು ಜೀವಮಾನವೆಲ್ಲ ಓದುವುದು! ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲು ಬೇಸರಪಡುವ ನನ್ನ ಗೆಳೆಯರು ಇದನ್ನು ಗಮನಿಸಬೇಕು.

ಆ ಪಾಠದ ತಿರುಳು ಹೇಳಲು ಸುಲಭ, ಆಚರಿಸಲು ಕಷ್ಟ. ಇದು ಸ್ಟೋಯಿಕ್ ಪಂಥದ್ದು, ಕ್ರಿ.ಪೂ. 300ರ ಸುಮಾರಿಗೆ ಜೀನೋ ಎಂಬವನು ಅಥೆನ್ಸಿನ ಒಂದು ಚಿತ್ರಮಂಟಪದಲ್ಲಿ ಇದನ್ನು ಬೋಧಿಸಲು ಮೊದಲುಮಾಡಿದನು. ನಮ್ಮನ್ನು ಕಲಕುವುದು ನಡೆದ ಸಂಗತಿಯಲ್ಲ, ಆ ಸಂಗತಿಗೆ ನಾವು ಹಾಕಿಕೊಳ್ಳುವ ಅರ್ಥ ಎಂಬುದು ಇವರ ಮತ. ಕಿವಿಗೆ ಒಂದು ಮಾತು ಬೀಳುತ್ತದೆ. ಅದು ಅವಮಾನ, ಅದನ್ನು ಸಹಿಸಲಾಗದು, ಆಡಿದವನು ದುಷ್ಟ ಎಂಬ ತೀರ್ಪುಗಳನ್ನು ಮನಸ್ಸು ಬರೆದು ರುಜು ಹಾಕುತ್ತದೆ. ಕೋಪವು ಹುಟ್ಟುವುದು ಆ ರುಜುವಿನಿಂದ. ಸಂಗತಿ ನಮ್ಮ ಕೈಯಲ್ಲಿಲ್ಲ. ರುಜು ನಮ್ಮ ಕೈಯಲ್ಲಿದೆ. ಸ್ಥಿತಪ್ರಜ್ಞನ ವಿಚಾರವನ್ನು ಕೇಳಿ ಬೆಳೆದ ನಮಗೆ ಇದು ತೀರ ಹೊಸದೇನೂ ಅಲ್ಲ. ಆದರೆ ಇವರು ಅದನ್ನು ದಿನದಿನವೂ ಮಾಡುವ ಸಾಮುವಿನಂತೆ ಮಾಡಿಕೊಂಡರು.

ಆ ಸಾಮು ಎಷ್ಟು ಬೇಕಾಗಿತ್ತೆಂಬುದು ಮಾರ್ಕಸನು 161ರಲ್ಲಿ ಪಟ್ಟಕ್ಕೆ ಬಂದಮೇಲೆ ತಿಳಿಯಿತು. ಅವನು ತಾನಾಗಿಯೇ ಲೂಷಿಯಸನನ್ನು ಸಮಾನ ಚಕ್ರವರ್ತಿಯನ್ನಾಗಿ ಮಾಡಿಕೊಂಡನು. ಆಮೇಲೆ ಒಂದರ ಮೇಲೊಂದು ಅನಿಷ್ಟ. ಟೈಬರ್ ನದಿ ಉಕ್ಕಿ ರೋಮಿಗೆ ನುಗ್ಗಿತು, ಬೆನ್ನಿಗೇ ಕ್ಷಾಮ. ಪೂರ್ವದಲ್ಲಿ ಪಾರ್ಥಿಯನರು ದಂಡೆತ್ತಿ ಬಂದರು. ಐದು ವರ್ಷ ಯುದ್ಧ ಮಾಡಿ ಗೆದ್ದ ಸೈನ್ಯವು ಮರಳುವಾಗ ಸಾಂಕ್ರಾಮಿಕ ರೋಗವನ್ನು ಜೊತೆಗೆ ತಂದಿತು. ಪ್ರಸಿದ್ಧ ವೈದ್ಯ ಗೇಲನ್ ಕಣ್ಣಾರೆ ಕಂಡು ಬರೆದ ರೋಗ ಇದೇ. ಸಿಡುಬು ಇದ್ದಿರಬಹುದೆಂದು ಈಗಿನವರ ಊಹೆ. ಅದು ಇನ್ನೂ ಇಳಿಯದಿರುವಾಗಲೇ ಡ್ಯಾನ್ಯೂಬ್ ನದಿಯ ಆಚೆಯ ಮಾರ್ಕೊಮನ್ನಿ, ಕ್ವಾಡಿ ಮೊದಲಾದ ಬುಡಕಟ್ಟಿನವರು ಗಡಿ ದಾಟಿ ಇಟಲಿಯವರೆಗೆ ಬಂದರು. ಬೊಕ್ಕಸ ಬರಿದಾಗಿತ್ತು. ಪ್ರಾಂತಗಳ ಮೇಲೆ ಹೊಸ ತೆರಿಗೆ ಹೇರಲು ಮನಸ್ಸಿಲ್ಲದೆ ಮಾರ್ಕಸನು ಅರಮನೆಯ ಚಿನ್ನದ ಪಾತ್ರೆಗಳನ್ನೂ, ರತ್ನಗಳನ್ನೂ, ಹೆಂಡತಿಯ ಜರತಾರಿಯ ರೇಷ್ಮೆ ವಸ್ತ್ರಗಳನ್ನೂ ಟ್ರೇಜನ್ ಚೌಕದಲ್ಲಿ ಎರಡು ತಿಂಗಳ ಕಾಲ ಹರಾಜಿಗಿಟ್ಟನು. ಯುದ್ಧ ಮುಗಿದ ಮೇಲೆ ಕೊಂಡವರು ವಸ್ತುಗಳನ್ನು ಹಿಂದಕ್ಕೆ ಕೊಟ್ಟು ಹಣ ಪಡೆಯಬಹುದೆಂದು ಸಾರಿಸಿದನು. ಕೊಟ್ಟವರ ಮೇಲೂ ಕೊಡದವರ ಮೇಲೂ ಬೇಸರಗೊಳ್ಳಲಿಲ್ಲ.

ಇವನು ಸ್ವಭಾವದಿಂದ ಯೋಧನಲ್ಲ. ದೇಹವೂ ಗಟ್ಟಿಯಲ್ಲ, ಎದೆಯಲ್ಲೂ ಹೊಟ್ಟೆಯಲ್ಲೂ ನೋವು. ಊಟ ಕಡಮೆ. ಇಂಥವನು ಐವತ್ತರ ವಯಸ್ಸಿನಲ್ಲಿ ಡ್ಯಾನ್ಯೂಬಿನ ಚಳಿಯಲ್ಲಿ, ಡೇರೆಗಳ ನಡುವೆ ವರ್ಷಗಟ್ಟಲೆ ಕಳೆದನು. ನಮಗೆ ಉಳಿದಿರುವ ಅವನ ಪುಸ್ತಕದ ಕೆಲವು ಭಾಗವಾದರೂ ಅಲ್ಲಿಯೇ ಬರೆದದ್ದು. ಒಂದು ಅಧ್ಯಾಯದ ಜೊತೆ ಕಾರ್ನುಂಟಮ್ ಎಂಬ ದಂಡಿನ ಊರಿನ ಹೆಸರಿದೆ. ಇನ್ನೊಂದರ ಜೊತೆ ಕ್ವಾಡಿಗಳ ನಾಡಿನ ಗ್ರಾನ್ ನದಿಯ ಹೆಸರಿದೆ. ಲ್ಯಾಟಿನ್ ಮನೆಮಾತಿನವನು ಬರೆದುಕೊಂಡದ್ದು ಗ್ರೀಕಿನಲ್ಲಿ. ಹನ್ನೆರಡು ಭಾಗ. ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳೇ ಹೆಚ್ಚು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಮೊದಲು ನನಗೆ ಇದು ದೋಷವಾಗಿ ಕಂಡಿತು. ಆಮೇಲೆ ಹೊಳೆಯಿತು: ಒಂದು ಸಲ ಹೇಳಿಕೊಂಡರೆ ಸಾಲುತ್ತಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಪ್ರತಿ ಬೆಳಗೂ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದೆ ತನ್ನೊಡನೆ ವಾದ ಮಾಡಿದ ಚಕ್ರವರ್ತಿ ಇವನು. ಇದನ್ನು ಓದಿದಾಗ ನಮ್ಮ ಹಾಸ್ಟೆಲಿನ ಯಾರಿಗಾದರೂ ಸಮಾಧಾನವಾಗದೆ ಇರದು.

ಅವನ ವಿಧಾನ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಬಣ್ಣ ಕಳಚುವುದು. ಅರಸನ ನೇರಳೆ ಉಡುಪನ್ನು ಕುರಿಯ ಉಣ್ಣೆ, ಚಿಪ್ಪುಪ್ರಾಣಿಯ ರಸದಲ್ಲಿ ಅದ್ದಿದ್ದು ಎಂದು ನೋಡುವುದು. ಔತಣದ ಭಕ್ಷ್ಯವನ್ನು ಸತ್ತ ಮೀನು, ಸತ್ತ ಹಕ್ಕಿ ಎಂದು ನೋಡುವುದು. ಹೀಗೆ ಕಂಡಾಗ ಆಸೆಯ ಬಿಸಿ ಆರುತ್ತದೆ. ದುಃಖಕ್ಕೂ ಕೋಪಕ್ಕೂ ಇದೇ ಕ್ರಮ: ಒಬ್ಬನು ನನ್ನನ್ನು ಆಡಿಕೊಂಡನೆಂದು ಸುದ್ದಿ ಬಂದರೆ ಸುದ್ದಿ ಅಷ್ಟೇ, ಅದರಿಂದ ನನಗೆ ಕೇಡಾಯಿತೆಂಬುದು ಸುದ್ದಿಯಲ್ಲಿಲ್ಲ, ಅದನ್ನು ಸೇರಿಸಿದವನು ನಾನು. ಎರಡನೆಯದು ಎದುರಾಳಿಯ ಕಡೆಯಿಂದ ನೋಡುವುದು. ಬೆಳಗ್ಗೆಯೇ ಕುಳಿತು, ಇಂದು ಕೃತಘ್ನರೂ ಚಾಡಿಕೋರರೂ ಒರಟರೂ ಎದುರಾಗುತ್ತಾರೆಂದು ಲೆಕ್ಕ ಹಾಕಿಕೊಳ್ಳುತ್ತಾನೆ. ಅವರು ಒಳ್ಳೆಯದು ಕೆಟ್ಟದ್ದನ್ನು ಅರಿಯದೆ ಹಾಗಿದ್ದಾರೆ, ಆದರೂ ತನ್ನ ಬಳಗದವರೇ ಎಂದು ಮನಸ್ಸಿಗೆ ಒಪ್ಪಿಸುತ್ತಾನೆ. ಕೋಪವನ್ನು ಕುರಿತು ಒಂದೆಡೆ ಹತ್ತು ವಿಚಾರಗಳ ಪಟ್ಟಿಯನ್ನೇ ಕೊಟ್ಟುಕೊಂಡಿದ್ದಾನೆ. ಅದರಲ್ಲಿ ನನಗೆ ಹತ್ತಿರವಾದದ್ದು, ಅವನ ತಪ್ಪು ನಿಜವಾಗಿ ತಪ್ಪೇ ಎಂಬುದು ಹೊರಗಿನಿಂದ ಅಷ್ಟು ಸುಲಭವಾಗಿ ತಿಳಿಯದು ಎಂಬ ಎಚ್ಚರಿಕೆ. 1955ರಲ್ಲಿ ಅಮೆರಿಕದ ಆಲ್ಬರ್ಟ್ ಎಲ್ಲಿಸ್, ಅನಂತರ ಏರನ್ ಬೆಕ್, ಮನೋರೋಗಿಗಳಿಗೆ ಅವರ ಯೋಚನೆಗಳನ್ನೇ ಪರೀಕ್ಷಿಸಿ ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸೆಗಳನ್ನು ಬೆಳೆಸಿದರು. ಇಬ್ಬರೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿದ್ದಾರೆ.

ಈಗ ನನ್ನ ಸಂಗತಿ. ಕಳೆದ ವರ್ಷ ವಿದ್ಯಾರ್ಥಿವೇತನದ ಒಂದು ಅರ್ಜಿಗಾಗಿ ಅಪ್ಪನನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅಪ್ಪ ಹೆಬ್ಬೆಟ್ಟು ಒತ್ತಿದರು. ಅಲ್ಲಿದ್ದವರೊಬ್ಬರು ಆ ಕಾಗದವನ್ನು ಪಕ್ಕದ ಮೇಜಿನವರಿಗೆ ಎತ್ತಿ ತೋರಿಸಿ, ಮಗ ಬಿ.ಎ. ಎಂದು ಏನೋ ಹೇಳಿ ನಕ್ಕರು. ಅಷ್ಟೇ. ಎರಡು ತಿಂಗಳು ನಾನು ಆ ನಗುವನ್ನು ಹೊತ್ತುಕೊಂಡು ತಿರುಗಿದೆ. ಪುಸ್ತಕ ತೆರೆದರೆ ಅದೇ ಮುಖ. ಮಾರ್ಕಸನನ್ನು ಓದುತ್ತ, ಒಂದು ರಾತ್ರಿ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ನಡೆದದ್ದನ್ನು ಬಣ್ಣವಿಲ್ಲದೆ ಬರೆಯಲು ಪ್ರಯತ್ನಿಸಿದೆ. ಅಪ್ಪನಿಗೆ ಅವಮಾನವಾಯಿತು ಎಂದು ಬರೆದು ಕೈ ನಿಂತಿತು. ಅಪ್ಪನಿಗೆ ಆಗಿತ್ತೇ? ಅವರು ಹೆಬ್ಬೆರಳಿನ ಮಸಿಯನ್ನು ತಲೆಗೂದಲಿಗೆ ಒರಸಿಕೊಂಡು, ಊರಿನ ಬಸ್ಸು ಎಷ್ಟು ಗಂಟೆಗೆಂದು ನನ್ನನ್ನು ಕೇಳಿದ್ದರು. ದಾರಿಯಲ್ಲಿ ಬಾಳೆಹಣ್ಣು ಕೊಡಿಸಿದ್ದರು. ಆ ವಾಕ್ಯವನ್ನು ಹೊಡೆದುಹಾಕಬೇಕಾಯಿತು. ಹೊಡೆದ ಮೇಲೆ ಉಳಿದದ್ದು ನನ್ನ ನಾಚಿಕೆ. ಅದರಲ್ಲಿ ಅಪ್ಪನ ಹೆಬ್ಬೆಟ್ಟನ್ನು ಕುರಿತ ನಾಚಿಕೆಯೂ ಒಂದಿಷ್ಟು ಸೇರಿತ್ತೆಂಬುದನ್ನು ಕಂಡು ನನಗೆ ಬೇರೆಯದೇ ದುಃಖವಾಯಿತು. ಇನ್ನೂ ಒಂದು ಉಳಿಯಿತು: ಹಾಗೆ ನಗುವುದು ತಪ್ಪು. ಅದು ನಾನು ಸೇರಿಸಿದ ಬಣ್ಣವಲ್ಲ. ಎಷ್ಟು ತೊಳೆದರೂ ಅದು ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಎದುರಿಗಿರುವುದನ್ನೆಲ್ಲ ಮನಸ್ಸಿನ ಆಟವೆಂದು ಬಿಡುವುದಾದರೆ ಮಾರ್ಕಸನು ಡೇರೆಯಲ್ಲಿ ಕೂರದೆ ಅರಮನೆಯಲ್ಲಿ ಕೂರಬಹುದಾಗಿತ್ತು.

ಆದರೆ ನನ್ನದು ಚಿಕ್ಕ ಪೆಟ್ಟು. ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆದದ್ದು ಅವನ ಮನೆಯಲ್ಲಿ. 145ರಲ್ಲಿ ಅವನು ಆಂಟೊನೈನಸನ ಮಗಳಾದ ಫೌಸ್ಟಿನಾಳನ್ನು ಮದುವೆಯಾದನು. ಮೂವತ್ತು ವರ್ಷದ ದಾಂಪತ್ಯದಲ್ಲಿ ಕನಿಷ್ಠ 13 ಮಕ್ಕಳು ಹುಟ್ಟಿದರು. ತಂದೆ ಸಾಯುವಾಗ ಬದುಕಿದ್ದದ್ದು ಒಬ್ಬ ಮಗ, ಕೆಲವರು ಹೆಣ್ಣುಮಕ್ಕಳು. ಅವನ ಇನ್ನೊಬ್ಬ ಗುರು ಫ್ರಾಂಟೋ ಎಂಬವನೊಡನೆ ನಡೆಸಿದ ಪತ್ರವ್ಯವಹಾರವು ಶತಮಾನಗಳ ಕಾಲ ಕಾಣೆಯಾಗಿತ್ತು. ಅಳಿಸಿ ಮೇಲೆ ಬೇರೇನೋ ಬರೆದಿದ್ದ ಚರ್ಮದ ಹಾಳೆಗಳ ಅಡಿಯಲ್ಲಿ ಅದನ್ನು ಆಂಜೆಲೋ ಮಾಯ್ ಎಂಬ ವಿದ್ವಾಂಸನು ಮಿಲಾನಿನಲ್ಲಿ ಕಂಡುಹಿಡಿದು 1815ರಲ್ಲಿ ಪ್ರಕಟಿಸಿದನು. ಆ ಪತ್ರಗಳಲ್ಲಿ ತತ್ತ್ವಕ್ಕಿಂತ ಮಗುವಿನ ಭೇದಿ, ಜ್ವರ, ಕೆಮ್ಮುಗಳ ಸುದ್ದಿ ಹೆಚ್ಚು. ಇಂದು ಜ್ವರ ಇಳಿದಂತಿದೆ ಎಂಬಂಥ ಸುದ್ದಿಯನ್ನು ಬರೆಯುವ ತಂದೆ ಅವನು.

161ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಒಂದು ನಾಲ್ಕನೆಯ ವರ್ಷದಲ್ಲಿ ಹೋಯಿತು. 169ರಲ್ಲಿ, ಏಳು ವರ್ಷದ ಇನ್ನೊಬ್ಬ ಮಗ ಆನಿಯಸ್ ವೇರಸನಿಗೆ ಕಿವಿಯ ಕೆಳಗೆ ಗಡ್ಡೆಯೆದ್ದು, ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೆ ಅವನೂ ತೀರಿಕೊಂಡನು. ಮಾರ್ಕಸನು ಯುದ್ಧಕ್ಕೆ ಹೊರಡುವ ಸಮಯ. ಐದೇ ದಿನ ಶೋಕವನ್ನು ಆಚರಿಸಿದನು. ಆಗ ಜ್ಯೂಪಿಟರ್ ದೇವರ ಉತ್ಸವ ನಡೆಯುತ್ತಿತ್ತು. ಮಗನ ಸಾವಿನಿಂದ ಜನರ ಹಬ್ಬ ಕೆಡಬಾರದೆಂದನು. ಗಡ್ಡೆ ಕೊಯ್ದ ವೈದ್ಯರಿಗೆ ಶಿಕ್ಷೆ ಕಾದಿದೆಯೆಂದು ಎಲ್ಲರೂ ಭಾವಿಸಿರಬಹುದು. ಅವನು ಅವರನ್ನೇ ಕರೆದು ಸಂತೈಸಿದನು. ಈ ಐದು ದಿನದ ಲೆಕ್ಕವನ್ನು ಓದಿ ನನ್ನ ಗೆಳೆಯನೊಬ್ಬನು ಇವನೆಂಥ ತಂದೆ ಎಂದು ಮುಖ ಸಿಂಡರಿಸಿದನು. ಪುಸ್ತಕವನ್ನು ಓದಿದರೆ ಉತ್ತರ ಸಿಗುತ್ತದೆ. ಮಗು ಉಳಿಯಲೆಂದು ಬೇಡುವ ಬದಲು, ಕಳೆದುಕೊಳ್ಳುವ ಭಯ ಹೋಗಲೆಂದು ಬೇಡಿಕೊಳ್ಳಬೇಕೆಂದು ಒಂದೆಡೆ ತನಗೆ ಹೇಳಿಕೊಳ್ಳುತ್ತಾನೆ. ಮಗುವನ್ನು ಮುದ್ದಿಸುವಾಗಲೂ ನಾಳೆ ಇದು ಇರಲಾರದೆಂದು ಒಳಗೇ ನೆನೆಯಬೇಕೆಂಬ ಎಪಿಕ್ಟೀಟಸನ ಕಠಿಣ ಪಾಠವನ್ನು ಇನ್ನೊಂದೆಡೆ ಗುರುತು ಹಾಕಿಕೊಂಡಿದ್ದಾನೆ. ಭಯವಿಲ್ಲದವನು ಇದನ್ನು ಬರೆದುಕೊಳ್ಳುವುದಿಲ್ಲ. ಮನೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರು ಮರುದಿನವೇ ಒಲೆ ಹಚ್ಚುವುದನ್ನು ನಾವು ಊರಿನಲ್ಲಿ ನೋಡಿದ್ದೇವೆ. ಅವರಿಗೆ ದುಃಖವಿಲ್ಲವೆಂದು ಯಾರೂ ಹೇಳುವುದಿಲ್ಲ.

175ರಲ್ಲಿ ಇನ್ನೊಂದು ಬಗೆಯ ಪರೀಕ್ಷೆ. ಮಾರ್ಕಸನು ಸತ್ತನೆಂಬ ಸುಳ್ಳು ಸುದ್ದಿ ಹರಡಿ, ಸಿರಿಯಾದಲ್ಲಿದ್ದ ಅವನ ನೆಚ್ಚಿನ ಸೇನಾಪತಿ ಅವಿಡಿಯಸ್ ಕ್ಯಾಸಿಯಸನು ತಾನೇ ಚಕ್ರವರ್ತಿಯೆಂದು ಸಾರಿಕೊಂಡನು. ಸುದ್ದಿ ಸುಳ್ಳೆಂದು ತಿಳಿದ ಮೇಲೂ ಹಿಂಜರಿಯಲಿಲ್ಲ. ಮೂರು ತಿಂಗಳಲ್ಲಿ ಅವನ ಕಡೆಯವರೇ ಅವನನ್ನು ಕೊಂದು ತಲೆಯನ್ನು ಮಾರ್ಕಸನಿಗೆ ಕಳುಹಿಸಿದರು. ಮಾರ್ಕಸನು ಅದನ್ನು ನೋಡಲೊಪ್ಪದೆ ಹೂಳಿಸಿದನು. ಕ್ಷಮಿಸುವ ಅವಕಾಶ ತಪ್ಪಿತೆಂದು ವ್ಯಥೆಪಟ್ಟನು. ಸಂಚುಗಾರರ ಹೆಸರುಗಳಿದ್ದ ಪತ್ರಗಳು ಓದದೆಯೇ ಸುಡಲ್ಪಟ್ಟವೆಂದು ಚರಿತ್ರಕಾರರು ಹೇಳುತ್ತಾರೆ. ಓದಿದ್ದರೆ ಕೆಲವರನ್ನು ದ್ವೇಷಿಸಬೇಕಾಗುತ್ತಿತ್ತು. ಕೋಪ ಬಂದಮೇಲೆ ಗೆಲ್ಲುವುದಕ್ಕಿಂತ ಅದಕ್ಕೆ ಸೌದೆ ಒಟ್ಟದಿರುವುದು ಜಾಣತನವೆಂದು ಅವನು ಕಂಡುಕೊಂಡಿದ್ದಂತೆ ತೋರುತ್ತದೆ. ಆ ಪ್ರಯಾಣದಲ್ಲಿಯೇ ಫೌಸ್ಟಿನಾ ತೀರಿಕೊಂಡಳು. ಮರುವರ್ಷ ಅವನು ಅಥೆನ್ಸಿಗೆ ಹೋಗಿ, ತನ್ನ ಪಂಥಕ್ಕೆ ಮಾತ್ರವಲ್ಲ, ಅದಕ್ಕೆ ಎದುರಾದ ಪಂಥಗಳಿಗೂ ಸೇರಿಸಿ ನಾಲ್ಕು ತತ್ತ್ವಪೀಠಗಳಿಗೆ ಅಧ್ಯಾಪಕರ ಸಂಬಳವನ್ನು ಏರ್ಪಡಿಸಿದನು.

ಇಷ್ಟಾದರೂ ಅವನನ್ನು ದೇವರ ಪೀಠದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಜೀತದಾಳಾಗಿದ್ದವನ ಪಾಠ ಓದಿದವನು ಜೀತವನ್ನು ತೆಗೆಯಲಿಲ್ಲ. ಅವನ ಆಳ್ವಿಕೆಯಲ್ಲಿ, 177ರಲ್ಲಿ, ಲಿಯೋನ್ ನಗರದ ಕ್ರೈಸ್ತರನ್ನು ಚಿತ್ರಹಿಂಸೆ ಮಾಡಿ ಕೊಂದರು. 165ರ ಸುಮಾರಿಗೆ ಜಸ್ಟಿನ್ ಎಂಬ ಕ್ರೈಸ್ತ ತತ್ತ್ವಜ್ಞಾನಿಗೆ ರೋಮಿನಲ್ಲಿ ಮರಣದಂಡನೆ ವಿಧಿಸಿದ ಅಧಿಕಾರಿ ಬೇರೆ ಯಾರೂ ಅಲ್ಲ, ಎಪಿಕ್ಟೀಟಸನ ಪುಸ್ತಕ ಕೊಟ್ಟ ಅದೇ ರಸ್ಟಿಕಸ್. ಎದುರಿಗಿರುವವನೂ ನನ್ನ ಬಳಗದವನೆಂದು ಬೆಳಗ್ಗೆ ಬರೆದುಕೊಳ್ಳುವುದು ಬೇರೆ, ಮಧ್ಯಾಹ್ನ ನ್ಯಾಯಪೀಠದಲ್ಲಿ ಕಾಣುವುದು ಬೇರೆ. ಅವನು ಮಗ ಕೊಮೋಡಸನಿಗೆ ರಾಜ್ಯ ಕೊಟ್ಟದ್ದನ್ನೂ ಎಲ್ಲರೂ ದೂರುತ್ತಾರೆ. ಆ ಮಗ ಕ್ರೂರಿಯಾದನು, 192ರಲ್ಲಿ ಕೊಲೆಯಾದನು. ಅಷ್ಟು ಮಕ್ಕಳನ್ನು ಹೂಳಿದ ತಂದೆಯು ಉಳಿದೊಬ್ಬ ಮಗನ ವಿಷಯದಲ್ಲಿ ಬಣ್ಣ ಕಳಚಿ ನೋಡಲಾರದೆ ಹೋದನೇ? ನನಗೆ ಹಾಗೆಯೇ ಅನಿಸುತ್ತದೆ. ನಮ್ಮ ಇತಿಹಾಸದ ಅಧ್ಯಾಪಕರು ಒಪ್ಪದಿರಬಹುದು.

180ರ ಮಾರ್ಚ್ ತಿಂಗಳಲ್ಲಿ, ಡ್ಯಾನ್ಯೂಬ್ ಗಡಿಯ ದಂಡಯಾತ್ರೆಯಲ್ಲಿದ್ದಾಗ ಅವನಿಗೆ ಕಾಯಿಲೆಯಾಯಿತು. ಅನ್ನನೀರು ಬಿಟ್ಟನು. ಬಳಿಗೆ ಬಂದ ಮಿತ್ರರು ಅಳುತ್ತಿದ್ದರು. ತನಗಾಗಿ ಅಳುವ ಬದಲು ಸಾಂಕ್ರಾಮಿಕದಿಂದ ಸಾಯುತ್ತಿರುವ ಜನರನ್ನು ನೆನೆಯಿರೆಂದು ಅವರಿಗೆ ಹೇಳಿದನಂತೆ. ಕೊನೆಯ ದಿನ ಮಗನನ್ನು ಮಾತ್ರ ಒಳಗೆ ಬಿಟ್ಟುಕೊಂಡು, ರೋಗ ಅಂಟೀತೆಂದು ಅವನನ್ನೂ ಬೇಗನೆ ಹೊರಗೆ ಕಳುಹಿಸಿದನು. ಆಮೇಲೆ ಮಲಗುವವನಂತೆ ತಲೆಯ ಮೇಲೆ ಹೊದಿಕೆಯನ್ನು ಎಳೆದುಕೊಂಡನು. ಆ ರಾತ್ರಿ ತೀರಿಕೊಂಡನು. ಆಗ ಅವನಿಗೆ 58 ವರ್ಷ.